ಸಕ್ಕರೆ ಎಷ್ಟಿದ್ದರೆ ಸರಿ?

ಮಧುಮೇಹಿಗಳು ವೈದ್ಯರ ಮುಂದೆ ಕೂತೊಡನೆ ಕೇಳುವ ಮೊದಲ ಪ್ರಶ್ನೆ ಒಂದೇ: ‘ಡಾಕ್ಟ್ರೇ, ನನ್ನ ಶುಗರ್ ಎಷ್ಟಿರಬೇಕು?’ ಶಿವಾಜಿನಗರದ ಹೂವಿನ ವ್ಯಾಪಾರಿಯೂ ಇದನ್ನೇ ಕೇಳುತ್ತಾರೆ, ಇಂದಿರಾನಗರದ ನಿವೃತ್ತ ಎಂಜಿನಿಯರೂ ಇದನ್ನೇ ಕೇಳುತ್ತಾರೆ. ಪ್ರಶ್ನೆ ಸರಳವಾಗಿದೆ, ಉತ್ತರವೂ ಸರಳವಾಗಿರಲಿ ಎಂದು ಎಲ್ಲರ ಬಯಕೆ. ಒಂದು ಅಂಕಿ ಹೇಳಿಬಿಟ್ಟರೆ ಚೀಟಿಯ ಮೇಲೆ ಬರೆದುಕೊಂಡು ನೆಮ್ಮದಿಯಿಂದ ಮನೆಗೆ ಹೋಗಬಹುದು. ಆದರೆ ಬಂದವರಿಗೆಲ್ಲ ಒಂದೇ ಅಂಕಿ ಹೇಳಿ ಕಳಿಸುವ ಪದ್ಧತಿಯ ಬಗ್ಗೆ ನನಗೆ ಸಮಾಧಾನವಿಲ್ಲ. ಕಳೆದ ಮೂರು ದಶಕಗಳಲ್ಲಿ ನಡೆದ ದೊಡ್ಡ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹಾಗೆ ಹೇಳಲಾರರು.

ನಮ್ಮ ಊರಿನ ಪೂರ್ವ ಭಾಗದಲ್ಲಿ ಎಲ್ಲಿ ಬೇಕಾದರೂ ಕಾಣಸಿಗುವಂಥ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಕೆ.ಆರ್. ಪುರದ ಹಿರಿಯರು, ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವಯಸ್ಸು 76. ಸಕ್ಕರೆ ಕಾಯಿಲೆ ಬಂದು 20 ವರ್ಷವಾಗಿದೆ. ದಿನಕ್ಕೆ ಎರಡು ಗುಳಿಗೆ, ಜೊತೆಗೆ ಇನ್ಸುಲಿನ್. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 6.2 ಬಂದಿದೆ. ಪಾರ್ಕಿನ ಬೆಂಚಿನಲ್ಲಿ ಕೂರುವ ಗೆಳೆಯರಿಗೆಲ್ಲ ಆ ರಿಪೋರ್ಟ್ ತೋರಿಸಿ ಬಂದಿದ್ದಾರೆ. ಮನೆಯಾಕೆ ಮಾತ್ರ ಮೆಲ್ಲಗೆ ಹೇಳುತ್ತಾರೆ: ‘ಬೆಳಗಿನ ಜಾವ ಒಮ್ಮೊಮ್ಮೆ ಮೈಯೆಲ್ಲ ಬೆವರಿ ಏನೇನೋ ಮಾತಾಡ್ತಾರೆ ಡಾಕ್ಟ್ರೇ.’ ಇನ್ನೊಬ್ಬರು ಇಂದಿರಾನಗರದ ಕಚೇರಿಯೊಂದರಲ್ಲಿ ಕೆಲಸ ಮಾಡುವ 38ರ ತರುಣ. ಕಾಯಿಲೆ ಪತ್ತೆಯಾಗಿ ಎರಡು ವರ್ಷ. ಅವರದು 7.9. ‘ಎಂಟರ ಒಳಗೇ ಇದೆಯಲ್ಲ, ಪರವಾಗಿಲ್ಲ’ ಎಂದು ಗುಳಿಗೆಯನ್ನು ನೆನಪಾದಾಗ ನುಂಗುತ್ತಾರೆ.

ರಿಪೋರ್ಟ್ ಮಾತ್ರ ನೋಡಿದರೆ ಹಿರಿಯರು ಪಾಸು, ತರುಣ ನಪಾಸು. ಇಬ್ಬರನ್ನೂ ಕೂರಿಸಿ ನೋಡಿದರೆ ಇಬ್ಬರ ಅಂಕಿಯೂ ಸರಿಯಿಲ್ಲ. ಹಿರಿಯರ ಸಕ್ಕರೆ ಇರಬೇಕಾದ್ದಕ್ಕಿಂತ ಕೆಳಗಿದೆ, ತರುಣನದು ಇರಬೇಕಾದ್ದಕ್ಕಿಂತ ಮೇಲಿದೆ. ಹೀಗೆ ಹೇಳಲು ಆಧಾರವೇನು ಎಂಬುದೇ ಈ ವಾರದ ವಿಷಯ.

ಎರಡು ಅಂಕಿಗಳ ಗೊಂದಲ

ಮೊದಲು ಪರೀಕ್ಷೆಯ ವಿಚಾರ. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು ಅಂಟುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು ನಾಲ್ಕು ತಿಂಗಳಾದ್ದರಿಂದ, ಎಷ್ಟು ಅಂಟಿದೆ ಎಂದು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಇದೇ ಎಚ್‌ಬಿಎ1ಸಿ ಪರೀಕ್ಷೆ. ಸರಾಸರಿ 7 ಎಂದರೆ ರಕ್ತದ ಸಕ್ಕರೆ ಸುಮಾರು 154 ಮಿಲಿಗ್ರಾಂ, 8 ಎಂದರೆ 183, 9 ಎಂದರೆ 212 ಎಂದು ಲೆಕ್ಕ. ಹಿಂದಿನ ದಿನ ಪಥ್ಯ ಮಾಡಿ ಬಂದು ವೈದ್ಯರನ್ನು ಮೆಚ್ಚಿಸುವ ಆಟ ಇಲ್ಲಿ ನಡೆಯದು.

ಲ್ಯಾಬಿನ ರಿಪೋರ್ಟಿನಲ್ಲಿ ನಿಮ್ಮ ಅಂಕಿಯ ಪಕ್ಕ ‘ನಾರ್ಮಲ್’ ಎಂದು 5.7ಕ್ಕಿಂತ ಕಡಿಮೆ ಎಂಬ ಸಾಲು ಇರುತ್ತದೆ. ನಿಮ್ಮದು ಅದಕ್ಕಿಂತ ಮೇಲಿದ್ದರೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಆ ದಪ್ಪ ಅಕ್ಷರ ಎಷ್ಟೋ ಮನೆಗಳ ರಾತ್ರಿಯ ನಿದ್ದೆ ಕೆಡಿಸಿದೆ. ಆ ಸಾಲು ಸಕ್ಕರೆ ಕಾಯಿಲೆ ಇಲ್ಲದವರದ್ದು. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಂಕಿ ಬೇರೆ, ಇದ್ದವರು ಔಷಧಿ ತೆಗೆದುಕೊಂಡು ಎಲ್ಲಿಗೆ ತಲುಪಬೇಕು ಎಂಬ ಅಂಕಿ ಬೇರೆ. ಈ ಎರಡನ್ನೂ ಒಂದೆಂದು ತಿಳಿದು ತಲೆ ಕೆಡಿಸಿಕೊಳ್ಳುವವರು ಬಹಳ.

‘ಮೊದಲು 140 ಇತ್ತು, ಔಷಧಿ ಕಂಪನಿಯವರು ಮಾರಾಟಕ್ಕಾಗಿ 126ಕ್ಕೆ ಇಳಿಸಿದರು’ ಎಂಬ ಮಾತನ್ನೂ ನೀವು ಕೇಳಿರಬಹುದು. ಖಾಲಿ ಹೊಟ್ಟೆಯ ಮಿತಿಯನ್ನು ಅಮೆರಿಕದ ಡಯಾಬಿಟಿಸ್ ಸಂಘ 1997ರಲ್ಲಿ 140ರಿಂದ 126ಕ್ಕೆ ಇಳಿಸಿದ್ದು ನಿಜ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಅದನ್ನೊಪ್ಪಿತು. ಕಾರಣವೂ ದಾಖಲೆಯಲ್ಲಿದೆ. ಬೇರೆ ಬೇರೆ ಜನಸಮುದಾಯಗಳ ಕಣ್ಣು ಪರೀಕ್ಷೆ ಮಾಡಿದಾಗ ಅಕ್ಷಿಪಟಲದ ಹಾನಿ 140ಕ್ಕಿಂತ ಮೊದಲೇ ಆರಂಭವಾಗುತ್ತಿರುವುದು ಕಂಡಿತ್ತು. ಅಲ್ಲದೆ ಊಟದ ನಂತರದ 200ರ ಮಿತಿಗೂ ಖಾಲಿ ಹೊಟ್ಟೆಯ 140ಕ್ಕೂ ತಾಳೆಯಾಗುತ್ತಿರಲಿಲ್ಲ. ಕಂಪನಿಗಳ ಮೇಲೆ ಅನುಮಾನ ಇರಬೇಕು, ನನಗೂ ಇದೆ. ಆದರೆ ಈ ಒಂದು ವಿಷಯದಲ್ಲಿ ಅನುಮಾನಕ್ಕಿಂತ ಕಣ್ಣಿನ ಸಾಕ್ಷ್ಯವೇ ಗಟ್ಟಿ.

ಬಿಗಿ ಹಿಡಿತದ ಪರವಾದ ಸಾಕ್ಷ್ಯ

ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಲಾಭವಿದೆಯೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಮೊದಲು ಸಿಕ್ಕಿದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದಲ್ಲಿ 1441 ಜನರ ಮೇಲೆ ನಡೆದ ಡಿಸಿಸಿಟಿ ಎಂಬ ಅಧ್ಯಯನ ಅದು. ಎಲ್ಲರೂ ಇನ್ಸುಲಿನ್ ಇಲ್ಲದೆ ಬದುಕಲಾಗದ ಮೊದಲನೆಯ ವಿಧದ ಮಧುಮೇಹಿಗಳು, ಎಳೆಯರು ಮತ್ತು ತರುಣರು. ಸರಾಸರಿ 9ರ ಬದಲು 7ರ ಹತ್ತಿರ ಇಟ್ಟವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಬಹಳವಾಗಿ ಇಳಿಯಿತು. ಕಣ್ಣಿನ ತೊಂದರೆ ಇನ್ನೂ ಶುರುವಾಗದವರಲ್ಲಿ ಅದು ಬರುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಯಿತು. ಆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು ಬೇರೆಯವರ ನೆರವು ಬೇಕಾಗುವ ಪ್ರಸಂಗಗಳು ಮೂರು ಪಟ್ಟಾದವು. ಲಾಭ ಮತ್ತು ಅಪಾಯ ಎರಡೂ ಒಂದೇ ಅಧ್ಯಯನದಲ್ಲಿವೆ ಎಂಬುದನ್ನು ಗಮನಿಸಿ.

ನಮ್ಮಲ್ಲಿ ಹೆಚ್ಚಿನವರದು ಎರಡನೆಯ ವಿಧದ ಮಧುಮೇಹ, ನಡುವಯಸ್ಸಿನಲ್ಲಿ ಬರುವಂಥದ್ದು. ಅದರ ಬಗ್ಗೆ ಇಂಗ್ಲೆಂಡಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲಿ ಹೊರಬಂತು. 1977ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಕೆಲಸ. ಹೊಸದಾಗಿ ಕಾಯಿಲೆ ಪತ್ತೆಯಾದ 3867 ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಗುಳಿಗೆ ಅಥವಾ ಇನ್ಸುಲಿನ್‌ನಿಂದ ಬಿಗಿ ಚಿಕಿತ್ಸೆ, ಇನ್ನೊಂದಕ್ಕೆ ಮುಖ್ಯವಾಗಿ ಪಥ್ಯ ಕೊಟ್ಟರು. ಹತ್ತು ವರ್ಷಗಳಲ್ಲಿ ಬಿಗಿ ಪಂಗಡದ ಸರಾಸರಿ 7.0, ಮತ್ತೊಂದರದು 7.9. ಸಣ್ಣ ರಕ್ತನಾಳಗಳ ತೊಂದರೆ, ಅಂದರೆ ಕಣ್ಣು ಮತ್ತು ಮೂತ್ರಪಿಂಡದ್ದು, ಶೇಕಡಾ 25ರಷ್ಟು ಕಡಿಮೆಯಾಯಿತು.

ಈ ಶೇಕಡಾ 25 ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಮರ್ಷಿಯಲ್ ಸ್ಟ್ರೀಟ್‌ನ ಅಂಗಡಿಯಲ್ಲಿ ‘ಶೇಕಡಾ 25 ರಿಯಾಯಿತಿ’ ಎಂಬ ಫಲಕ ಕಂಡರೆ ನಮ್ಮ ಹೆಂಗಸರು ಮೊದಲು ಕೇಳುವುದು ಮೂಲ ಬೆಲೆ ಎಷ್ಟೆಂದು. ಸಾವಿರ ರೂಪಾಯಿಯ ಸೀರೆಗೂ ಹತ್ತು ರೂಪಾಯಿಯ ಕರವಸ್ತ್ರಕ್ಕೂ ರಿಯಾಯಿತಿಯ ಶೇಕಡಾವಾರು ಒಂದೇ, ಕೈಗೆ ಉಳಿಯುವ ಹಣ ಒಂದೇ ಅಲ್ಲ. ಔಷಧಿಯ ವಿಷಯದಲ್ಲೂ ಅದೇ ಪ್ರಶ್ನೆ ಕೇಳಬೇಕು. ಯುಕೆಪಿಡಿಎಸ್‌ನಲ್ಲಿ ಪಥ್ಯದ ಪಂಗಡದ ಸಾವಿರ ಜನರಲ್ಲಿ ವರ್ಷಕ್ಕೆ 11.4 ಮಂದಿಗೆ ಇಂಥ ತೊಂದರೆ ಬಂದರೆ, ಬಿಗಿ ಪಂಗಡದಲ್ಲಿ 8.6 ಮಂದಿಗೆ ಬಂತು. ಸಾವಿರಕ್ಕೆ ವರ್ಷಕ್ಕೆ ಮೂವರಿಗಿಂತ ಸ್ವಲ್ಪ ಕಡಿಮೆ ಜನ ಬಚಾವು. ಅದರಲ್ಲೂ ಹೆಚ್ಚಿನ ವ್ಯತ್ಯಾಸ ಕಣ್ಣಿಗೆ ಲೇಸರ್ ಚಿಕಿತ್ಸೆ ಬೇಕಾಗುವುದು ತಪ್ಪಿದ್ದರಿಂದ ಬಂದದ್ದು. ಹೃದಯಾಘಾತವೂ ಕಡಿಮೆಯಾದಂತೆ ಕಂಡಿತು, ಆದರೆ ಅದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟು ದೊಡ್ಡ ವ್ಯತ್ಯಾಸವಲ್ಲ.

ಇದನ್ನು ಕೇಳಿ ‘ಅಷ್ಟೇ ತಾನೇ’ ಎನ್ನಬೇಡಿ. 40ರಲ್ಲಿ ಕಾಯಿಲೆ ಬಂದವರಿಗೆ ಮುಂದೆ ಮೂವತ್ತು ನಲವತ್ತು ವರ್ಷಗಳಿವೆ. ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಕೂಡುತ್ತ ಹೋಗುತ್ತದೆ. ಇದಕ್ಕೆ ಸಾಕ್ಷಿ 2008ರಲ್ಲಿ ಸಿಕ್ಕಿತು. ಅಧ್ಯಯನ ಮುಗಿದ ಮೇಲೆ ಅದೇ ಜನರನ್ನು ಇನ್ನೂ ಹತ್ತು ವರ್ಷ ಗಮನಿಸುತ್ತ ಬಂದರು. ಒಂದೇ ವರ್ಷದಲ್ಲಿ ಎರಡೂ ಪಂಗಡಗಳ ಸಕ್ಕರೆ ಒಂದೇ ಮಟ್ಟಕ್ಕೆ ಬಂದಿತ್ತು. ಆದರೂ ಮೊದಲ ವರ್ಷಗಳಲ್ಲಿ ಬಿಗಿಯಾಗಿ ಇದ್ದವರಲ್ಲಿ ಹೃದಯಾಘಾತ ಶೇಕಡಾ 15ರಷ್ಟು, ಸಾವು ಶೇಕಡಾ 13ರಷ್ಟು ಕಡಿಮೆ ಇತ್ತು. ಕಾಯಿಲೆಯ ಮೊದಲ ದಿನಗಳಲ್ಲಿ ಕೂಡಿಟ್ಟದ್ದು ಕಡೆಯವರೆಗೂ ಕೈಹಿಡಿಯುತ್ತದೆ ಎಂದಾಯಿತು. ನಮ್ಮ ಇಂದಿರಾನಗರದ ತರುಣ ಕೇಳಬೇಕಾದದ್ದು ಈ ಮಾತನ್ನು.

2008ರ ಆಘಾತ

ಬಿಗಿ ಮಾಡಿದಷ್ಟೂ ಒಳ್ಳೆಯದು ಎಂದು ಆಗ ಬಹಳ ವೈದ್ಯರು ನಂಬಿದ್ದರು. 9ರಿಂದ 7ಕ್ಕೆ ಇಳಿಸಿದರೆ ಲಾಭವಿದ್ದರೆ 7ರಿಂದ 6ಕ್ಕೆ ಇಳಿಸಿದರೆ ಇನ್ನಷ್ಟು ಲಾಭವಿರಬೇಕಲ್ಲವೇ? ತರ್ಕ ಚೆನ್ನಾಗಿತ್ತು. ಅದನ್ನು ಪರೀಕ್ಷಿಸಲು ಅಮೆರಿಕ ಮತ್ತು ಕೆನಡಾದಲ್ಲಿ ಅಕಾರ್ಡ್ ಎಂಬ ದೊಡ್ಡ ಅಧ್ಯಯನ ಆರಂಭವಾಯಿತು. 10,251 ಜನ. ಸರಾಸರಿ ವಯಸ್ಸು 62, ಕಾಯಿಲೆ ಬಂದು ಸುಮಾರು ಹತ್ತು ವರ್ಷವಾದವರು, ಮೂರರಲ್ಲಿ ಒಬ್ಬರಿಗೆ ಹೃದಯ ಅಥವಾ ರಕ್ತನಾಳದ ತೊಂದರೆ ಆಗಲೇ ಬಂದಿತ್ತು. ಅರ್ಧ ಜನರಿಗೆ 6ಕ್ಕಿಂತ ಕೆಳಗೆ ಇಳಿಸುವ ಗುರಿ, ಉಳಿದವರಿಗೆ 7ರಿಂದ 7.9ರ ಗುರಿ.

2008ರ ಫೆಬ್ರುವರಿಯಲ್ಲಿ, ಮೂರೂವರೆ ವರ್ಷವಾಗುವಷ್ಟರಲ್ಲಿ, ಬಿಗಿ ಪಂಗಡದ ಚಿಕಿತ್ಸೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಆ ಪಂಗಡದಲ್ಲಿ 257 ಮಂದಿ ಸತ್ತಿದ್ದರು, ಇನ್ನೊಂದರಲ್ಲಿ 203. ಸಾವನ್ನು ತಪ್ಪಿಸಲು ಹೊರಟ ಚಿಕಿತ್ಸೆಯಲ್ಲೇ ಸಾವು ಹೆಚ್ಚಿತು. ಬೇರೆಯವರ ನೆರವು ಬೇಕಾಗುವಷ್ಟು ಸಕ್ಕರೆ ಕುಸಿದ ಪ್ರಸಂಗ ಬಿಗಿ ಪಂಗಡದಲ್ಲಿ ನೂರಕ್ಕೆ 16 ಜನರಿಗೆ, ಇನ್ನೊಂದರಲ್ಲಿ 5 ಜನರಿಗೆ ಆಗಿತ್ತು. ಹತ್ತು ಕಿಲೋಗಿಂತ ಹೆಚ್ಚು ತೂಕ ಏರಿದವರೂ ಬಿಗಿ ಪಂಗಡದಲ್ಲಿ ಎರಡರಷ್ಟು.

ಇದನ್ನೂ ಅತಿ ಮಾಡಿ ಓದಬಾರದು. ಮಾರಣಾಂತಿಕವಲ್ಲದ ಹೃದಯಾಘಾತಗಳು ಬಿಗಿ ಪಂಗಡದಲ್ಲೇ ಕಡಿಮೆ ಇದ್ದವು. ಆಮೇಲೆ ಲೆಕ್ಕಗಳನ್ನು ಬಗೆದು ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು: ಬಿಗಿ ಪಂಗಡದಲ್ಲಿ ಹೆಚ್ಚು ಸತ್ತವರು ಸಕ್ಕರೆ ಸುಲಭವಾಗಿ 6ಕ್ಕೆ ಇಳಿದವರಲ್ಲ, ಎಷ್ಟು ಔಷಧಿ ಸುರಿದರೂ ಇಳಿಯದೆ ಹೋದವರು. ಅಂದರೆ ಕಡಿಮೆ ಸಕ್ಕರೆಯೇ ಕೊಂದಿತು ಎನ್ನಲಾಗದು. ಇಳಿಯದ ಸಕ್ಕರೆಯನ್ನು ಹಟ ಹಿಡಿದು ಔಷಧಿಯ ಮೇಲೆ ಔಷಧಿ ಹಾಕಿ ಇಳಿಸಹೊರಟ ರೀತಿಯಲ್ಲಿ ಅಪಾಯವಿದ್ದಂತೆ ಕಾಣುತ್ತದೆ.

ಅದೇ ವರ್ಷ ಬಂದ ಅಡ್ವಾನ್ಸ್ ಎಂಬ ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು. ಅದರಲ್ಲಿ ಭಾಗವಹಿಸಿದ 20 ದೇಶಗಳಲ್ಲಿ ಭಾರತವೂ ಒಂದು. 11,140 ಜನರಲ್ಲಿ ಬಿಗಿ ಪಂಗಡವನ್ನು ನಿಧಾನವಾಗಿ 6.5ಕ್ಕೆ ಇಳಿಸಿದರು. ಸಾವು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಮೂತ್ರಪಿಂಡದ ತೊಂದರೆ ಐದರಲ್ಲೊಂದು ಪಾಲು ಇಳಿಯಿತು. 2009ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನದಲ್ಲಿ 8.4ರ ಬದಲು 6.9ಕ್ಕೆ ಇಳಿಸಿದರೂ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ.

ಇಷ್ಟೆಲ್ಲ ಇಟ್ಟುಕೊಂಡು ತಜ್ಞರೇ ಜಗಳವಾಡಿದ್ದುಂಟು. 2018ರಲ್ಲಿ ಅಮೆರಿಕದ ವೈದ್ಯರ ಕಾಲೇಜು ಎರಡನೆಯ ವಿಧದ ಹೆಚ್ಚಿನ ಮಧುಮೇಹಿಗಳಿಗೆ 7ರಿಂದ 8ರ ನಡುವೆ ಇದ್ದರೆ ಸಾಕೆಂದಿತು. ಅಲ್ಲಿಯದೇ ಡಯಾಬಿಟಿಸ್ ಸಂಘ ಒಪ್ಪಲಿಲ್ಲ. ಬಹುಮಂದಿ ವಯಸ್ಕರಿಗೆ 7ಕ್ಕಿಂತ ಕಡಿಮೆ ಇರಬೇಕೆಂಬುದು ಅದರ ನಿಲುವು. ಎರಡೂ ಕಡೆಯವರ ಮುಂದೆ ಇದ್ದದ್ದು ಅವೇ ಅಧ್ಯಯನಗಳು. ಸಾಮಾನ್ಯ ವೈದ್ಯರ ಕಣ್ಣಿಗೆ ಬೀಳುವುದು ವಯಸ್ಸಾದ, ನಾಲ್ಕಾರು ಕಾಯಿಲೆಗಳ ರೋಗಿಗಳು. ಮಧುಮೇಹ ತಜ್ಞರ ಕಣ್ಣ ಮುಂದೆ ಇಪ್ಪತ್ತು ವರ್ಷದ ಮೇಲೆ ಕಣ್ಣು ಕಳೆದುಕೊಂಡು ಬರುವವರಿರುತ್ತಾರೆ. ಜಗಳದ ಬೇರು ಇಲ್ಲಿದೆ ಎಂದು ನನ್ನ ಊಹೆ.

ಹಾಗಾದರೆ ಯಾರಿಗೆ ಎಷ್ಟು?

ಭಾರತೀಯರಿಗೆ ಈ ಕಾಯಿಲೆ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಆದ್ದರಿಂದ ‘8ರವರೆಗೆ ಪರವಾಗಿಲ್ಲ’ ಎಂಬ ಮಾತನ್ನು ನಮ್ಮ ತರುಣರಿಗೆ ಅನ್ವಯಿಸುವುದು ದೊಡ್ಡ ತಪ್ಪು. 50ರ ಒಳಗಿನವರು, ಕಾಯಿಲೆ ಹೊಸದಾಗಿ ಬಂದವರು, ಬೇರೆ ತೊಂದರೆ ಇಲ್ಲದವರು 6.5ರ ಆಸುಪಾಸಿಗೆ ಪ್ರಯತ್ನಿಸಬೇಕು. ಅದೂ ಸಕ್ಕರೆ ಕುಸಿಯುವ ಭಯವಿಲ್ಲದ ಮೆಟ್‌ಫಾರ್ಮಿನ್‌ನಂಥ ಔಷಧಿಯಿಂದ, ತೂಕ ಇಳಿಸುವುದರಿಂದ, ನಡಿಗೆಯಿಂದ. ಯುಕೆಪಿಡಿಎಸ್‌ನಲ್ಲಿ ಮೈ ಬಂದವರಿಗೆ ಮೆಟ್‌ಫಾರ್ಮಿನ್ ಕೊಟ್ಟಾಗ ಸಾವು ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಿತ್ತು. ಆ ಗುಳಿಗೆ ಇಂದಿಗೂ ಅಗ್ಗ.

ನಡುವಯಸ್ಸು ದಾಟಿದ, ಗಟ್ಟಿಮುಟ್ಟಾಗಿರುವವರಿಗೆ 7ರ ಹತ್ತಿರ ಸರಿ. 75 ದಾಟಿದವರು, ಮೂತ್ರಪಿಂಡ ಸೋತವರು, ಹೃದಯದ ಕಾಯಿಲೆ ಇರುವವರು, ಒಮ್ಮೆ ಸಕ್ಕರೆ ಕುಸಿದು ಬಿದ್ದವರು 7.5ರಿಂದ 8ರವರೆಗೆ ಇದ್ದರೆ ಚಿಂತೆ ಬೇಡ. ಹಾಸಿಗೆ ಹಿಡಿದವರಿಗೆ, ಮರೆವಿನ ರೋಗದವರಿಗೆ ಅಂಕಿಯನ್ನು ಮರೆತು, ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಇಲ್ಲದಂತೆ ನೋಡಿಕೊಂಡರೆ ಸಾಕು. ಗರ್ಭಿಣಿಯರ ಲೆಕ್ಕವೇ ಬೇರೆ, ಅಲ್ಲಿ ಬಿಗಿ ಬೇಕು. ಅವರು ತಜ್ಞರ ಕೈಯಲ್ಲೇ ಇರಬೇಕು.

ಎಷ್ಟು ಎಂಬುದರ ಜೊತೆಗೆ ಯಾವ ಔಷಧಿಯಿಂದ ಎಂಬುದನ್ನೂ ಕೇಳಬೇಕು. ಪಥ್ಯ ಮತ್ತು ಮೆಟ್‌ಫಾರ್ಮಿನ್‌ನಿಂದ 6.2 ಬಂದಿದ್ದರೆ ಹಿರಿಯರಾದರೂ ಅಭಿನಂದನೆ ಹೇಳಬಹುದು. ಇನ್ಸುಲಿನ್ ಜೊತೆ ಗ್ಲಿಬೆನ್‌ಕ್ಲಮೈಡ್ ಸೇರಿ 6.2 ಬಂದಿದ್ದರೆ ನನಗೆ ಹೆದರಿಕೆ. ಡಯೋನಿಲ್ ಎಂದು ಬಹಳ ಜನರಿಗೆ ಪರಿಚಿತವಾದ ಈ ಹಳೆಯ ಗುಳಿಗೆ ದೇಹದಲ್ಲಿ ಬಹುಕಾಲ ಉಳಿದು ಕೆಲಸ ಮಾಡುತ್ತದೆ. 60 ದಾಟಿದವರಿಗೆ ಇದು ತಕ್ಕುದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೇ ಷರಾ ಇದೆ. ಕೆ.ಆರ್. ಪುರದ ಹಿರಿಯರ ಬೆಳಗಿನ ಜಾವದ ಬೆವರು, ಬಡಬಡಿಕೆಗೆ ಕಾರಣ ಇಲ್ಲೇ ಇರಬಹುದು. ಹಾಗೆಂದು ಪತ್ರಿಕೆ ಓದಿ ನಾಳೆಯಿಂದಲೇ ಗುಳಿಗೆ ನಿಲ್ಲಿಸಬೇಡಿ. ವೈದ್ಯರ ಬಳಿ ಹೋಗಿ, ಬೆವರಿನ ವಿಷಯ ಮೊದಲು ಹೇಳಿ, 6.2ರ ವಿಷಯ ಆಮೇಲೆ ಹೇಳಿ.

ಪರೀಕ್ಷೆಯೇ ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಮೂರು ತಿಂಗಳ ಸರಾಸರಿ ನಿಜಕ್ಕಿಂತ ಹೆಚ್ಚು ತೋರಿಸಬಹುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಹೆಣ್ಣುಮಕ್ಕಳ ರಿಪೋರ್ಟಿನಲ್ಲಿ ಸರಾಸರಿಗೂ ಬೆರಳು ಚುಚ್ಚಿ ನೋಡಿದ ಸಕ್ಕರೆಗೂ ತಾಳೆಯಾಗದಿದ್ದರೆ ಔಷಧಿ ಹೆಚ್ಚಿಸುವ ಮೊದಲು ಹಿಮೋಗ್ಲೋಬಿನ್ ನೋಡಿಸುವುದು ಒಳ್ಳೆಯದು. ಇತ್ತೀಚೆಗೆ ರಕ್ತಸ್ರಾವವಾದವರಲ್ಲಿ, ರಕ್ತ ಹಾಕಿಸಿಕೊಂಡವರಲ್ಲಿಯೂ ಈ ಅಂಕಿಯನ್ನು ನಂಬುವಂತಿಲ್ಲ.

ಸಕ್ಕರೆ ಕುಸಿದಾಗ

ಸಕ್ಕರೆ ಹೆಚ್ಚಾದರೆ ಹಾನಿ ವರ್ಷಗಟ್ಟಲೆಯಲ್ಲಿ, ಕುಸಿದರೆ ನಿಮಿಷಗಳಲ್ಲಿ. 70ಕ್ಕಿಂತ ಕೆಳಗೆ ಬಂದರೆ ಕೈ ನಡುಕ, ಬೆವರು, ಎದೆ ಡವಗುಟ್ಟುವುದು, ತಡೆಯಲಾರದ ಹಸಿವು. ವಯಸ್ಸಾದವರಲ್ಲಿ ಇವು ಯಾವುವೂ ಇಲ್ಲದೆ ಬರೀ ಗೊಂದಲ, ಸಿಡುಕು, ತೊದಲು ಮಾತ್ರ ಕಾಣಬಹುದು. ಲಕ್ವ ಹೊಡೆಯಿತು ಎಂದು ಮನೆಯವರು ಗಾಬರಿಯಾಗುವುದುಂಟು. ಇಂದಿರಾನಗರದಲ್ಲಿ ಮಕ್ಕಳೆಲ್ಲ ಹೊರದೇಶದಲ್ಲಿದ್ದು ಒಂಟಿಯಾಗಿ ಇರುವ ಹಿರಿಯರಿದ್ದಾರೆ. ರಾತ್ರಿ ಸಕ್ಕರೆ ಕುಸಿದರೆ ನೋಡುವವರಿಲ್ಲ. ಅಂಥವರಿಗೆ ಗುರಿ ನಿಗದಿ ಮಾಡುವಾಗ ‘ಮನೆಯಲ್ಲಿ ಯಾರಿದ್ದಾರೆ?’ ಎಂಬ ಪ್ರಶ್ನೆ ಎಲ್ಲ ರಕ್ತಪರೀಕ್ಷೆಗಳಷ್ಟೇ ಮುಖ್ಯ.

ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಆಮೇಲೆ ಇಡ್ಲಿಯೋ ಅನ್ನವೋ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆಯಿಂದ ಕುಸಿದಿದ್ದರೆ ಒಮ್ಮೆ ಚೇತರಿಸಿಕೊಂಡರೂ ಕೆಲವು ಗಂಟೆಗಳ ಮೇಲೆ ಮತ್ತೆ ಕುಸಿಯಬಹುದು. ಆಸ್ಪತ್ರೆಯಲ್ಲಿ ಒಂದು ದಿನ ಇರಿ ಎಂದರೆ ಹಟ ಮಾಡದೆ ಇರಬೇಕು.

ಶಿವಾಜಿನಗರ, ಫ್ರೇಜರ್ ಟೌನ್‌ಗಳಲ್ಲಿ ರಂಜಾನ್ ತಿಂಗಳಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದಿನವಿಡೀ ಉಪವಾಸವಿದ್ದು ಎಂದಿನಂತೆ ಬೆಳಿಗ್ಗೆಯ ಗುಳಿಗೆ ನುಂಗಿದರೆ ಮಧ್ಯಾಹ್ನದ ಮೇಲೆ ಕುಸಿಯುವುದು ಸಹಜ. ಉಪವಾಸ ಹಿಡಿಯಬಹುದೇ, ಹಿಡಿದರೆ ಸಹರಿಗೆ ಯಾವ ಗುಳಿಗೆ, ಇಫ್ತಾರ್‌ಗೆ ಎಷ್ಟು ಇನ್ಸುಲಿನ್ ಎಂಬುದನ್ನು ತಿಂಗಳು ಹುಟ್ಟುವ ಮೊದಲೇ ವೈದ್ಯರ ಜೊತೆ ಮಾತಾಡಬೇಕು. 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂದು ಈ ವಿಷಯದಲ್ಲಿ ಕೆಲಸ ಮಾಡಿದ ತಜ್ಞರು ಹೇಳುತ್ತಾರೆ. ಏಕಾದಶಿ, ಶಿವರಾತ್ರಿಯ ಉಪವಾಸಕ್ಕೂ ಇದೇ ಮಾತು. ದೇವಸ್ಥಾನದಲ್ಲಿ ತಲೆ ಸುತ್ತಿ ಕುಸಿದವರನ್ನು ಕಂಡು ‘ಕಟ್ಟುನಿಟ್ಟಿನ ವ್ರತ’ ಎಂದು ಹೊಗಳುವವರಿದ್ದಾರೆ!

ಸಕ್ಕರೆಯೊಂದೇ ಅಲ್ಲ

ಮಧುಮೇಹಿಗಳಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ಹೃದಯಾಘಾತ ಮತ್ತು ಲಕ್ವ. ಇವೆರಡರ ಮೇಲೆ ಸಕ್ಕರೆಯ ಅಂಕಿಗಿಂತ ರಕ್ತದೊತ್ತಡದ ಹಿಡಿತ ಹೆಚ್ಚು ಮತ್ತು ಬೇಗ ಕೆಲಸ ಮಾಡುತ್ತದೆ. ಇದನ್ನು ತೋರಿಸಿದ್ದೂ ಯುಕೆಪಿಡಿಎಸ್‌ನದೇ ಇನ್ನೊಂದು ಭಾಗ. ಅದರಲ್ಲಿ 1148 ಜನ. ಕ್ಯಾಪ್ಟೋಪ್ರಿಲ್, ಅಟೆನೊಲಾಲ್‌ನಂಥ ಸಾಧಾರಣ ಗುಳಿಗೆಗಳಿಂದ ರಕ್ತದೊತ್ತಡವನ್ನು 154/87ರ ಬದಲು 144/82ರಲ್ಲಿ ಇಟ್ಟಾಗ ಲಕ್ವ ಶೇಕಡಾ 44ರಷ್ಟು, ಮಧುಮೇಹ ಸಂಬಂಧಿ ಸಾವು ಶೇಕಡಾ 32ರಷ್ಟು ಕಡಿಮೆಯಾಯಿತು. ಸಕ್ಕರೆಯನ್ನು 7.9ರಿಂದ 7ಕ್ಕೆ ಇಳಿಸಿದ್ದರಿಂದ ಅಧ್ಯಯನದ ಅವಧಿಯಲ್ಲಿ ಇಷ್ಟು ಲಾಭ ಸಿಕ್ಕಿರಲಿಲ್ಲ. ಆದರೂ ನಮ್ಮಲ್ಲಿ ಸಕ್ಕರೆ ತಿಂಗಳಿಗೆರಡು ಸಲ ಅಳೆಸುವವರು ರಕ್ತದೊತ್ತಡದ ಗುಳಿಗೆಯನ್ನು ‘ಅಭ್ಯಾಸವಾಗಿಬಿಡುತ್ತೆ’ ಎಂದು ಬಿಟ್ಟಿರುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ವರದಿ 2022ರಲ್ಲಿ ಪ್ರಕಟವಾಯಿತು. ಮಧುಮೇಹವಿದೆಯೆಂದು ತಿಳಿದಿದ್ದವರಲ್ಲಿ ಸಕ್ಕರೆ ಹಿಡಿತದಲ್ಲಿದ್ದದ್ದು ಶೇಕಡಾ 36 ಜನರಿಗೆ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರೂ ಹಿಡಿತದಲ್ಲಿದ್ದವರು ನೂರಕ್ಕೆ ಎಂಟು ಜನರೂ ಇಲ್ಲ. 6.5ರೇ 7ರೇ ಎಂದು ನಾವು ವಾದ ಮಾಡುತ್ತಿರುವಾಗ ನೂರಕ್ಕೆ 92 ಮಂದಿ ಈ ಮೂರರಲ್ಲಿ ಒಂದಾದರೂ ಕೈತಪ್ಪಿ ಕೂತಿದ್ದಾರೆ.

ಇದಕ್ಕೆ ಮಾಡಬಹುದಾದದ್ದೇನು ಎಂಬುದಕ್ಕೆ ನಮ್ಮ ಊರಿನ ಪಾಲೂ ಇರುವ ಸಾಕ್ಷ್ಯವೊಂದಿದೆ. 2016ರಲ್ಲಿ ಪ್ರಕಟವಾದ ಕಾರ್ಸ್ ಅಧ್ಯಯನ ಭಾರತ, ಪಾಕಿಸ್ತಾನಗಳ ಹತ್ತು ಚಿಕಿತ್ಸಾಲಯಗಳಲ್ಲಿ 1146 ಮಧುಮೇಹಿಗಳ ಮೇಲೆ ನಡೆಯಿತು. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆ ಅವುಗಳಲ್ಲೊಂದು. ಎಲ್ಲರ ಸಕ್ಕರೆಯೂ ಕೆಟ್ಟಿತ್ತು, ಜೊತೆಗೆ ರಕ್ತದೊತ್ತಡ ಅಥವಾ ಕೊಲೆಸ್ಟರಾಲ್ ಕೂಡ. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಉಳಿದರ್ಧಕ್ಕೆ ಒಬ್ಬ ಆರೈಕೆ ಸಹಾಯಕರು, ವೈದ್ಯರಿಗೆ ನೆನಪಿಸುವ ಒಂದು ಕಂಪ್ಯೂಟರ್ ವ್ಯವಸ್ಥೆ. ಸಹಾಯಕರು ರೋಗಿಗಳನ್ನು ವಿಚಾರಿಸಿಕೊಳ್ಳುತ್ತ, ತಪ್ಪಿಸಿಕೊಂಡವರನ್ನು ಮತ್ತೆ ಕರೆಸುತ್ತಿದ್ದರು. ಸಕ್ಕರೆಯ ಜೊತೆ ಇನ್ನೊಂದಾದರೂ ಹಿಡಿತಕ್ಕೆ ಬಂದವರು ಎಂದಿನ ಚಿಕಿತ್ಸೆಯಲ್ಲಿ ನೂರಕ್ಕೆ 8, ಸಹಾಯಕರಿದ್ದಲ್ಲಿ 18. ಎರಡರಷ್ಟಕ್ಕಿಂತ ಹೆಚ್ಚು! ಆದರೂ ನೂರಕ್ಕೆ 82 ಜನ ಉಳಿದೇ ಬಿಟ್ಟರು ಎಂಬುದನ್ನೂ ಹೇಳಬೇಕು. ಸರ್ಕಾರದ ನಮ್ಮ ಕ್ಲಿನಿಕ್‌ಗಳಲ್ಲಿ ಹೀಗೆ ಫೋನ್ ಮಾಡಿ ವಿಚಾರಿಸುವ ಒಬ್ಬರನ್ನು ಇಟ್ಟರೆ, ಹೊಸ ಯಂತ್ರ ತರುವುದಕ್ಕಿಂತ ಹೆಚ್ಚು ಉಪಯೋಗವಾದೀತು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಾಕ್ಷ್ಯ ಅಂಕಿಯ ಮೋಹವನ್ನು ಚೆನ್ನಾಗಿ ಬಿಡಿಸುತ್ತದೆ. ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಯನ್ನು ಹೃದಯದ ಕಾಯಿಲೆಯೂ ಇದ್ದ 7020 ಮಧುಮೇಹಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಸುಮಾರು ಮೂರು ವರ್ಷಗಳಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸತ್ತವರು ನೂರಕ್ಕೆ 5.9ರಿಂದ 3.7ಕ್ಕೆ ಇಳಿದರು. ಎರಡು ಪಂಗಡಗಳ ಸಕ್ಕರೆಯ ಸರಾಸರಿಯಲ್ಲಿ ಕೊನೆಗೆ ಅರ್ಧ ಅಂಕದಷ್ಟೂ ವ್ಯತ್ಯಾಸವಿರಲಿಲ್ಲ. ಸಕ್ಕರೆಯನ್ನು ಹೆಚ್ಚು ಇಳಿಸದೆಯೇ ಪ್ರಾಣ ಉಳಿಸಿದ ಸಕ್ಕರೆ ಗುಳಿಗೆ ಇದು! 2025ರಲ್ಲಿ ಇದರ ಪೇಟೆಂಟ್ ಮುಗಿದು ಹಲವು ದೇಶೀ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆಯೂ ಇಳಿದಿದೆ. ಎಲ್ಲರಿಗೂ ಒಗ್ಗುವ ಔಷಧಿಯಲ್ಲ, ಕೆಲವರಿಗೆ ಮೂತ್ರದ ಜಾಗದಲ್ಲಿ ಸೋಂಕು ತರುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ‘ಇದು ನನಗೆ ಆಗುತ್ತದೆಯೇ?’ ಎಂದು ಕೇಳಿ ನೋಡಬಹುದು.

ಮುಂದಿನ ಸಲ ಬೌರಿಂಗ್ ಆಸ್ಪತ್ರೆಯ ಸಾಲಿನಲ್ಲಿ ನಿಂತಿರಲಿ, ಖಾಸಗಿ ವೈದ್ಯರ ಬಳಿ ಹೋಗಿರಲಿ, ತಿನ್ನುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರವಿದ್ದರೆ ಒಂದೆರಡು ದಿನ ರಾತ್ರಿ ಮೂರು ಗಂಟೆಯ ಸಕ್ಕರೆಯನ್ನೂ ಬರೆದುಕೊಂಡು ಹೋಗಿ. ‘ಎಷ್ಟಿರಬೇಕು?’ ಎಂದು ಕೇಳುವುದರ ಜೊತೆಗೆ ‘ನನ್ನ ವಯಸ್ಸಿಗೆ, ನನ್ನ ಮೂತ್ರಪಿಂಡಕ್ಕೆ ಎಷ್ಟಿರಬೇಕು?’ ಎಂದು ಕೇಳಿ. ರಕ್ತದೊತ್ತಡ ನೋಡಿಸಿ, ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಚಪ್ಪಲಿ ಬಿಚ್ಚಿ ಪಾದಗಳನ್ನು ತೋರಿಸಲು ನಾಚಬೇಡಿ. ವೈದ್ಯರು ಕೇಳದಿದ್ದರೂ ತೋರಿಸಿ.